ರತ್ನಾಬಾಯಿಯ ಸಿಟ್ಟಿಗೆ ಸಪ್ಲಿಮೆಂಟರಿ ಪರೀಕ್ಷೆ

ಡೊಂಬಿವಲಿ ಪೂರ್ವದ ಕನ್ನಡದ ಮನೆಗಳಲ್ಲಿ ಯಾವ ಬಾಗಿಲು ಬಡಿದು ಕೇಳಿದರೂ ರತ್ನಾಬಾಯಿಯ ಬಗ್ಗೆ ಒಂದೇ ಮಾತು: ಶಾಂತ ಸ್ವಭಾವದ ಹೆಂಗಸು. ಗುಣದಲ್ಲಿ ಅಪರಂಜಿ. ಬಾಯಿದೆಯೋ ಇಲ್ಲವೋ ಎಂದು ಅನುಮಾನ ಬರಬೇಕು, ಅಂಥವಳು. ಗಂಡ ವೀರಭದ್ರಪ್ಪನವರಂತೂ ಕನ್ನಡ ಸಂಘದಲ್ಲಿ ಕೈಗೆ ಮೈಕು ಸಿಕ್ಕಾಗಲೆಲ್ಲ, "ನಮ್ಮ ಮನ್ಯಾಗ ಇವತ್ತಿನ ತನಕ ಒಂದು ದೊಡ್ಡ ದನಿ ಕೇಳಿಲ್ರಿ" ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆ ಮನೆಯಲ್ಲಿ ಮಾತನಾಡುವವರು ಅವರೊಬ್ಬರೇ, ಹಾಗಾಗಿ ದನಿ ಏರಿಸುವ ಪ್ರಮೇಯವೇ ಬಂದಿಲ್ಲ ಎಂಬುದು ಚಪ್ಪಾಳೆ ತಟ್ಟುವ ಯಾರಿಗೂ ಹೊಳೆದಿಲ್ಲ.

ನಿಜ ಹೇಳಬೇಕೆಂದರೆ ರತ್ನಾಬಾಯಿಗೆ ಸಿಟ್ಟು ಬರುತ್ತದೆ. ಅಂಥಿಂಥ ಸಿಟ್ಟಲ್ಲ, ಅಂಗಾಲಿನಿಂದ ಹೊರಟು ನೆತ್ತಿಗೇರುವ ಸಿಟ್ಟು. ಗಂಡ ಪೇಪರಿನಿಂದ ತಲೆ ಎತ್ತದೆ ಖಾಲಿ ಕಪ್ಪನ್ನು ಗಾಳಿಯಲ್ಲಿ ಎತ್ತಿ ಹಿಡಿದಾಗ ಬರುತ್ತದೆ. ಹೌಸಿಂಗ್ ಸೊಸೈಟಿಯ ಮೀಟಿಂಗಿಗೆ ತಾವೊಬ್ಬರೇ ಹೋಗಿ ಬಂದು, "ನಮ್ಮ ಮನಿಯವರದೂ ಇದ ಅಭಿಪ್ರಾಯ ಅಂತ ಹೇಳಿ ಬಂದೆ" ಎಂದಾಗ ಬರುತ್ತದೆ. ಮನೆಯಲ್ಲಿ ಅದನ್ನು ತೋರಿಸುವುದಿಲ್ಲ. ತೋರಿಸಿ ನೋಡಿದ್ದಾಳೆ. ಮದುವೆಯ ಹೊಸದರಲ್ಲಿ ಒಮ್ಮೆ ಪಾತ್ರೆಯನ್ನು ಕುಕ್ಕಿ ಇಟ್ಟು ಮುಖ ತಿರುಗಿಸಿ ಕೂತಿದ್ದಳು. ವೀರಭದ್ರಪ್ಪನವರು ಬಂದು ಬಹಳ ಪ್ರೀತಿಯಿಂದ, "ಯಾಕ, ತಲಿ ನೋಯಾಕತ್ತದೇನು?" ಎಂದು ಕೇಳಿ ಗುಳಿಗೆ ತಂದುಕೊಟ್ಟರು. ಸಿಟ್ಟಿಗೆ ಗುಳಿಗೆ ಕೊಡುವ ಗಂಡನ ಎದುರು ಸಿಟ್ಟು ಮಾಡಿ ಏನು ಪ್ರಯೋಜನ? ಆಕೆ ಬಿಟ್ಟುಬಿಟ್ಟಳು.

ಮನೆಯಲ್ಲಿ ಬಿಟ್ಟದ್ದನ್ನು ರೈಲಿನಲ್ಲಿ ಹಿಡಿದಳು. ಪ್ರತಿ ಮಂಗಳವಾರ ಟಿಟ್ವಾಳಾ ಗಣಪತಿಯ ದರ್ಶನಕ್ಕೆಂದು ಲೋಕಲ್ ಹತ್ತುತ್ತಾಳೆ. ಹೆಂಡತಿಯ ಭಕ್ತಿ ದೊಡ್ಡದು ಎಂದು ವೀರಭದ್ರಪ್ಪನವರಿಗೆ ಹೆಮ್ಮೆ. ಲೇಡೀಸ್ ಡಬ್ಬಿಯಲ್ಲಿ ಆಗುವುದೇ ಬೇರೆ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಿಗೆ ಜಾಗ ಬಿಡದೆ ಯಾರಾದರೂ ಹರಡಿಕೊಂಡು ಕೂತಿದ್ದರೋ, ಮುಗಿಯಿತು. "ಏ ಬಾಯಿ, ಪೂರಾ ಡಬ್ಬಾ ಖರೀದ್ ಲಿಯಾ ಕ್ಯಾ? ಸರಕೋ!" ಎಂದು ಶುರುವಾದರೆ ಕಲ್ಯಾಣ ದಾಟಿದರೂ ನಿಲ್ಲುವುದಿಲ್ಲ. ಕಾಲೇಜು ಹುಡುಗಿಯರು ಆಕೆಯನ್ನು ಕಂಡರೆ ತಾವಾಗಿ ಎದ್ದು ನಿಲ್ಲುತ್ತಾರೆ. ಟಿಟ್ವಾಳಾದ ಗಣಪನಿಗೆ ಸಿಗುವುದು ಜಗಳವಾಡಿ ಹಗುರಾಗಿ ಬಂದ ರತ್ನಾಬಾಯಿ. ಅವನಿಗೂ ಆಕೆಯ ನಿಜರೂಪ ಗೊತ್ತಿರಲಾರದು.

ಆಕೆ ವಿಜಯಪುರದ ಕಡೆಯ ಇಂಡಿ ಎಂಬ ಊರಿನ ನಿಂಬೆಹಣ್ಣಿನ ದಲ್ಲಾಳಿಯೊಬ್ಬರ ಮಗಳು. ಶಿಕ್ಷಕರ ತರಬೇತಿಯ ಟಿಸಿಎಚ್ ಮುಗಿಸಿ ಊರಿನಲ್ಲೇ ಒಂದು ವರ್ಷ ಮಕ್ಕಳಿಗೆ ಪಾಠ ಹೇಳಿದ್ದಳು. ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಕ್ಲಾರ್ಕ್ ಆಗಿದ್ದ ವೀರಭದ್ರಪ್ಪನವರನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಮಗ ಚನ್ನು ಆಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದಾಗ ಠಾಣೆಯ ಕನ್ನಡ ಶಾಲೆಯೊಂದರಲ್ಲಿ ಪ್ರಾಥಮಿಕ ಟೀಚರರ ಜಾಗ ಖಾಲಿಯಾಯಿತು. ಯಾರೋ ಇವಳ ಹೆಸರು ಹೇಳಿದ್ದರಿಂದ ಶಾಲಾ ಕಮಿಟಿಯ ಇಬ್ಬರು ಹಿರಿಯರು ಒಂದು ಭಾನುವಾರ ಮನೆಗೇ ಬಂದರು. ಒಳಗೆ ಚಹಾ ಕುದಿಯುತ್ತಿತ್ತು. ಅಡುಗೆಮನೆಗೂ ಹೊರಕೋಣೆಗೂ ನಡುವೆ ಇದ್ದದ್ದು ಒಂದು ಹೂವಿನ ಪರದೆ ಮಾತ್ರ.

"ಬಾಯಿಯವರಿಗೆ ಮನಸ್ಸುಂಟಾ? ಅವರನ್ನೇ ಒಂದು ಮಾತು ಕೇಳುವನಾ?" ಎಂದರು ಬಂದವರು.

"ಆಕಿಗೆ ಹೊರಗ ಹೋಗೂದಂದ್ರ ಮನಸ್ಸಿಲ್ರಿ" ಎಂದರು ವೀರಭದ್ರಪ್ಪ, ನಗುತ್ತ. "ಮನಿನ ಆಕಿಗೆ ಸ್ವರ್ಗ. ನಾ ಹೇಳತೀನಲ್ಲ."

ಪರದೆಯ ಹಿಂದೆ ರತ್ನಾಬಾಯಿ ಚಹಾ ಸೋಸುತ್ತಿದ್ದಳು. ತಂದು ಕೊಟ್ಟಳು. ಅವರು ಕುಡಿದು, ಶುಂಠಿ ಚೆನ್ನಾಗಿದೆ ಎಂದು ಹೊಗಳಿ ಹೋದರು. ಆಮೇಲೆ ಆಕೆ ಗಂಡನನ್ನು ಕೇಳಿಯೇ ಕೇಳಿದಳು: ನನ್ನನ್ನು ಯಾಕೆ ಕೇಳಲಿಲ್ಲ? ವೀರಭದ್ರಪ್ಪನವರು ನಿಜವಾಗಿಯೂ ಬೆರಗಾದರು. "ನಿನಗ ಹೋಗೂದಿತ್ತೇನು? ಹೇಳಬಾರದಾಗಿತ್ತ?" ಎಂದರು. ಆ ಬೆರಗಿನಲ್ಲಿ ಕಪಟವಿರಲಿಲ್ಲ, ಅದೇ ಸಂಕಟ. ಕೆಟ್ಟವನಾಗಿದ್ದರೆ ಬೈಯಬಹುದಿತ್ತು, ನಾಲ್ಕು ಜನರಿಗೆ ಹೇಳಿಕೊಳ್ಳಬಹುದಿತ್ತು. ಕುಡಿಯದ, ಹೊಡೆಯದ, ಪಗಾರ ತಂದು ಕೈಗಿಡುವ ಗಂಡನ ಮೇಲೆ ಸಿಟ್ಟಿದೆ ಎಂದರೆ ಕೇಳಿದವರು, "ನಿನಗೇನು ಕಮ್ಮಿ ಆಗೇದವಾ?" ಎಂದು ಆಕೆಗೇ ಬುದ್ಧಿ ಹೇಳುತ್ತಿದ್ದರು. ಆ ಶಾಲೆ ಮಕ್ಕಳಿಲ್ಲದೆ ಮುಚ್ಚಿ ಬಹಳ ವರ್ಷವಾಯಿತು. ಆ ಜಾಗದಲ್ಲಿ ಈಗ ಕೋಚಿಂಗ್ ಕ್ಲಾಸ್ ನಡೆಯುತ್ತದೆ.

ಹೀಗೆ ಯಾರೂ ಕೇಳದ, ಯಾರಿಗೂ ಹೇಳದ ಸಿಟ್ಟು ಹೊತ್ತುಕೊಂಡು ಅರವತ್ತರ ಹತ್ತಿರ ಬಂದ ರತ್ನಾಬಾಯಿಯ ಎದುರು, ದಸರೆ ಮುಗಿದ ಮರುವಾರ, ಪ್ರೇಕ್ಷಾ ಎಂಬ ಹುಡುಗಿ ಕಾಗದ ಹಿಡಿದು ಬಂದಳು.

ಪ್ರೇಕ್ಷಾ ಕೋಪರಖೈರಣೆಯವಳು. ತುಳು ಮನೆಮಾತಿನ ಹೋಟೆಲ್ ಮ್ಯಾನೇಜರರ ಮಗಳು. ಹುಟ್ಟಿದ್ದು, ಬೆಳೆದದ್ದು ಇಲ್ಲೇ, ಹಾಗಾಗಿ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವಾಗ ಹಿಂದಿಯೊಂದಿಗೆ ಕಲಸಿಕೊಂಡು ಬರುತ್ತದೆ. ನವಿಮುಂಬಯಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದಳು. ಮನುಷ್ಯರ ಸ್ವಭಾವ, ಸಿಟ್ಟು, ದುಃಖ, ಭಯ ಇವನ್ನೆಲ್ಲ ಅಳೆಯುವ ಇಂಗ್ಲಿಷಿನ ಪ್ರಶ್ನಾವಳಿಯೊಂದನ್ನು ತಿಳಿದವರು ಕನ್ನಡಕ್ಕೆ ತಂದಿದ್ದರು. ಆ ಕನ್ನಡದ ಪ್ರಶ್ನಾವಳಿಯನ್ನು ನಂಬಬಹುದೇ ಎಂದು ಕನ್ನಡದವರ ಮೇಲೆ ಪ್ರಯೋಗಿಸಿ ನೋಡುವುದು ಅವಳ ಕೆಲಸ. ಠಾಣೆಯ ಕನ್ನಡ ಸಂಘದ ಸೆಕ್ರೆಟರಿ ಧರ್ಮಪಾಲರು ಅವಳ ತಂದೆಗೆ ಪರಿಚಿತರು. ಅವರು, "ಎಷ್ಟು ಜನ ಬೇಕು ಹೇಳು ಮಗಾ, ದಂಪತಿಗಳನ್ನೇ ಕರೆಸುವ" ಎಂದು ಹಾಲ್ ಕೊಟ್ಟರು, ಕೊನೆಗೆ ಎಲ್ಲರಿಗೂ ಒಂದೊಂದು ಸ್ಟೀಲಿನ ಡಬ್ಬಿ ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿಯೂ ಬಿಟ್ಟರು.

ಪ್ರೇಕ್ಷಾ ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಒಂದು ಕಡೆ ಕೂರಿಸಿದಳು. ಪ್ರತಿಯೊಬ್ಬರೂ ತಮ್ಮ ಬಗ್ಗೆ ಒಂದು, ತಮ್ಮ ಗಂಡನ ಅಥವಾ ಹೆಂಡತಿಯ ಬಗ್ಗೆ ಒಂದು ಕಾಗದ ತುಂಬಬೇಕು. ಹೆಸರು ಬರೆಯುವ ಹಾಗಿಲ್ಲ, ನಂಬರು ಮಾತ್ರ. ಯಾರೂ ಯಾರದ್ದನ್ನೂ ನೋಡುವ ಹಾಗಿಲ್ಲ.

ಗಂಡನ ಬಗ್ಗೆ ಇದ್ದ ಕಾಗದವನ್ನು ರತ್ನಾಬಾಯಿ ಪೆನ್ನು ನಿಲ್ಲಿಸದೆ ತುಂಬಿದಳು. ಅವರು ಯಾವುದಕ್ಕೆ ಹೆದರುತ್ತಾರೆ, ಯಾವುದಕ್ಕೆ ಹಿಗ್ಗುತ್ತಾರೆ, ಯಾರ ಎದುರು ಕುಗ್ಗುತ್ತಾರೆ, ಎಲ್ಲ ಅಂಗೈ ನೆಲ್ಲಿ. ಕೊನೆಯಲ್ಲಿದ್ದ "ಗೊತ್ತಿಲ್ಲ" ಎಂಬ ಕಾಲಂ ಆಕೆಗೆ ಒಮ್ಮೆಯೂ ಬೇಕಾಗಲಿಲ್ಲ. ಆಮೇಲೆ ತನ್ನ ಕಾಗದ ತೆಗೆದಳು. ಮೊದಲನೆಯ ಸಾಲು ಹೀಗಿತ್ತು: "ನನಗೆ ಬೇಗ ಸಿಟ್ಟು ಬರುತ್ತದೆ." ಎದುರಿಗೆ ಕಾಲಂಗಳು, ಎಂದೂ ಇಲ್ಲ ಎಂಬಲ್ಲಿಂದ ಯಾವಾಗಲೂ ಎಂಬಲ್ಲಿಯವರೆಗೆ.

ರತ್ನಾಬಾಯಿ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಯಾರೋ ಕೇಳುತ್ತಿದ್ದಾರೆ. ತನ್ನನ್ನೇ ಕೇಳುತ್ತಿದ್ದಾರೆ. ಪಕ್ಕದಲ್ಲಿ ನಿಂತು ಉತ್ತರ ಹೇಳಲು ಯಾರೂ ಇಲ್ಲ. ಕಣ್ಣು ತುಂಬಿ ಬಂತು, ನಾಚಿಕೆಯೂ ಆಯಿತು. "ಯಾವಾಗಲೂ" ಎಂಬಲ್ಲಿ ಗುರುತು ಹಾಕಿದಳು. "ಸಿಟ್ಟನ್ನು ಒಳಗೇ ಇಟ್ಟುಕೊಳ್ಳುತ್ತೇನೆ." ಯಾವಾಗಲೂ. "ನನ್ನ ಬದುಕಿನ ಬಗ್ಗೆ ನನಗೆ ತೃಪ್ತಿ ಇದೆ." ಎಂದೂ ಇಲ್ಲ. ಅವತ್ತು ಠಾಣೆಯಿಂದ ಮನೆಗೆ ಬರುವಾಗ ರೈಲಿನಲ್ಲಿ ಯಾರ ಮೇಲೂ ರೇಗಲಿಲ್ಲ.

ಪ್ರೇಕ್ಷಾಳಿಗೆ ಆ ಸಂಜೆ ಕೋಪರಖೈರಣೆಯಲ್ಲಿ ಇನ್ನೊಂದು ಗುಂಪು ಕಾದಿತ್ತು. ತುಂಬಿದ ಕಾಗದಗಳನ್ನು ಒಂದು ಚೀಲದಲ್ಲಿ ಹಾಕಿ, ನಾಳೆ ಬಂದು ಒಯ್ಯುತ್ತೇನೆಂದು ಧರ್ಮಪಾಲರ ಕೈಗೆ ಕೊಟ್ಟು ಓಡಿದಳು. ಕುರಿ ಕಾಯಲು ತೋಳಕ್ಕೆ ಹೇಳಿದ ಹಾಗಾಯಿತು. ಧರ್ಮಪಾಲರು ಕೆಟ್ಟ ಮನುಷ್ಯರಲ್ಲ, ಆದರೆ ತಮ್ಮ ಹೋಟೆಲಿನಲ್ಲಿ ಇಡ್ಲಿಯ ತಟ್ಟೆ ಮುಚ್ಚಿದ್ದರೂ ತೆರೆದು ನೋಡಿಯೇ ಟೇಬಲಿಗೆ ಕಳಿಸುವವರು. ಎಲ್ಲರೂ ಸರಿಯಾಗಿ ತುಂಬಿದ್ದಾರಾ ಎಂದು ಒಂದೊಂದಾಗಿ ನೋಡಿದರು. ನಂಬರು ಹಂಚಿದ್ದು ಅವರೇ, ಹಾಗಾಗಿ ಯಾರದು ಯಾವುದು ಎಂದು ತಿಳಿಯಲು ಕಷ್ಟವಾಗಲಿಲ್ಲ. ವೀರಭದ್ರಪ್ಪನವರು ಹೆಂಡತಿಯ ಬಗ್ಗೆ ಬರೆದದ್ದು: ಸಿಟ್ಟು, ಎಂದೂ ಇಲ್ಲ. ತೃಪ್ತಿ, ಯಾವಾಗಲೂ. ಅದರ ಮಗ್ಗುಲಲ್ಲೇ ರತ್ನಾಬಾಯಿಯ ಕಾಗದ.

ಕೂಡಲೇ ವೀರಭದ್ರಪ್ಪನವರಿಗೆ ಫೋನು ಹೋಯಿತು. ಫೋನಿನ ದನಿ ರತ್ನಾಬಾಯಿಗೆ ಅಡುಗೆಮನೆಯವರೆಗೂ ಕೇಳುತ್ತಿತ್ತು. "ಎಂತ ಮಾರಾಯ್ರೆ, ನಿಮ್ಮ ಮನೆಯವರು ಹೀಗೆಲ್ಲ ಬರೆದಿದ್ದಾರಲ್ಲ? ಇದು ಯೂನಿವರ್ಸಿಟಿಗೆ ಹೋಗ್ತದೆ. ಕನ್ನಡದವರ ಮನೆಯಲ್ಲಿ ಹೆಂಗಸರಿಗೆ ಸಮಾಧಾನ ಇಲ್ಲ ಅಂತ ಪ್ರಿಂಟ್ ಆದ್ರೆ ಇಲ್ಲಿಯ ಮರಾಠಿಯವರು ನಮ್ಮನ್ನು ನೋಡಿ ನಗಾಡ್ಲಿಕ್ಕಿಲ್ವಾ? ಮತ್ತೆ ರಾಜ್ಯೋತ್ಸವಕ್ಕೆ ಆದರ್ಶ ದಂಪತಿ ಸನ್ಮಾನ ನಿಮಗೇ ಅಂತ ಪಾಂಪ್ಲೆಟಿಗೆ ಕೊಟ್ಟಾಗಿದೆ!"

ವೀರಭದ್ರಪ್ಪನವರು ರೇಗಲಿಲ್ಲ. ಅವರು ರೇಗುವವರಲ್ಲ. ಹೆಂಡತಿಯ ಹತ್ತಿರ ಬಂದು ಕೂತು ಮಗುವಿಗೆ ಹೇಳುವ ಹಾಗೆ, "ಗುರುತು ಹಾಕುವಾಗ ಕಾಲಂ ಹಿಂದಮುಂದ ಆಗೇದ ನಿಂದು" ಎಂದರು.

"ಹಿಂದಮುಂದ ಆಗಿಲ್ರಿ."

"ಕಾಣಿಸಿರಲಿಕ್ಕಿಲ್ಲ. ಅಕ್ಷರ ಸಣ್ಣವಿದ್ವು."

"ಕಾಣಸ್ತಿತ್ರಿ. ನೋಡೇ ಬರದೀನಿ."

ಆ ಮಾತು ಅವರ ಕಿವಿಗೆ ಬಿತ್ತು, ಮುಂದಕ್ಕೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ, ಸೀರೆ ಉಟ್ಟುಕೋ ಎಂದು ಹೊರಡಿಸಿ, ಸ್ಟೇಷನ್ ಹತ್ತಿರದ ಚಷ್ಮಾದ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನು ಅಕ್ಷರದ ಹಲಗೆ ಓದಿಸಿ, ಕಣ್ಣಿಗೆ ಬೆಳಕು ಬಿಟ್ಟು, "ಕಾಕಾ, ನಂಬರ್ ತೋಚ್ ಆಹೇ. ಕಾಹೀ ಬದಲ್ ನಾಹೀ" ಎಂದ. ನಂಬರು ಮೊದಲಿನದೇ, ಏನೂ ಬದಲಾಗಿಲ್ಲ. ರತ್ನಾಬಾಯಿ ಆ ಎತ್ತರದ ಕುರ್ಚಿಯಲ್ಲಿ ಕಬ್ಬಿಣದ ಚಷ್ಮಾ ಹಾಕಿಸಿಕೊಂಡು ಕೂತಿದ್ದಳು. ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿಗೆ ಸಿಟ್ಟಿದೆ ಎಂದು ನಂಬುವುದಕ್ಕಿಂತ ಅವಳಿಗೆ ಕಣ್ಣು ಕಾಣುವುದಿಲ್ಲ ಎಂದು ನಂಬುವುದು ಈ ಮನುಷ್ಯನಿಗೆ ಸುಲಭವಾಯಿತಲ್ಲ!

ಅಷ್ಟರಲ್ಲಿ ಪ್ರೇಕ್ಷಾಳ ಸಂದೇಶ ಬಂತು: ಎರಡು ವಾರ ಬಿಟ್ಟು ಅದೇ ಜನ ಬಂದು ಅದೇ ಪ್ರಶ್ನೆಗಳಿಗೆ ಇನ್ನೊಮ್ಮೆ ಉತ್ತರಿಸಬೇಕು. ಮಕ್ಕಳ ಹತ್ತನೆಯ, ಹನ್ನೆರಡನೆಯ ಇಯತ್ತೆಗಾಗಿ ಹೊಟ್ಟೆ ಬಟ್ಟೆ ಕಟ್ಟಿ ಕ್ಲಾಸಿಗೆ ಕಳಿಸಿದ ಜನ ಇವರು. ಬರೆದ ಪೇಪರನ್ನೇ ಮತ್ತೆ ಬರೆಯಲು ಕರೆದರೆ ಅದಕ್ಕೆ ಅರ್ಥ ಒಂದೇ: ಫೇಲು. ಡೊಂಬಿವಲಿಯಿಂದ ಕಲ್ಯಾಣದವರೆಗೆ ಸುದ್ದಿ ಹರಡಿತು, ಸಂಘದ ದಂಪತಿಗಳೆಲ್ಲ ಸ್ವಭಾವದಲ್ಲಿ ನಪಾಸಾಗಿದ್ದಾರೆ, ಸಪ್ಲಿಮೆಂಟರಿ ಇಟ್ಟಿದ್ದಾರೆ ಎಂದು. ಯಾರಿಂದಾಗಿ ಫೇಲಾಯಿತು ಎಂಬುದರಲ್ಲಿ ಧರ್ಮಪಾಲರಿಗೆ ಸಂಶಯವಿರಲಿಲ್ಲ. ಹೆಸರು ಹೇಳಲಿಲ್ಲ, ಆದರೆ ಎಲ್ಲರಿಗೂ ತಿಳಿಯಿತು. ಈ ಸಲ ಒಂದು ತಾಸು ಮೊದಲೇ ಬನ್ನಿ, ತಯಾರಿ ಮಾಡಿಸುತ್ತೇನೆ ಎಂದು ಗುಂಪಿನಲ್ಲಿ ಬರೆದರು.

ಆ ಎರಡು ವಾರ ರತ್ನಾಬಾಯಿಯ ಮನೆಯಲ್ಲಿ ಬೇರೆ ಮಾತಿಲ್ಲ. ಊಟಕ್ಕೆ ಕೂತರೆ ವೀರಭದ್ರಪ್ಪನವರು, "ಎಂದೂ ಇಲ್ಲ ಅನ್ನೂದು ಎಡಗಡೆ ಕಾಲಂ, ನೆನಪಿಡು" ಎನ್ನುವರು. ಒಂದು ಗುರುತಿನ ಮಾತಲ್ಲವೇ, ಹಾಕಿಬಿಟ್ಟರೆ ಏನು ಗಂಟು ಹೋಗುತ್ತದೆ ಎಂದು ನೀವು ಕೇಳಬಹುದು. ಹೋಗುತ್ತದೆ. ಆಯುಷ್ಯದಲ್ಲಿ ಒಮ್ಮೆ, ಒಬ್ಬರು ಕೇಳಿದ್ದಕ್ಕೆ, ತನ್ನ ಬಗ್ಗೆ ತಾನು ಹೇಳಿದ ಒಂದೇ ಒಂದು ನಿಜ ಅದು. ಅದನ್ನೂ ಅಳಿಸಿದರೆ ರತ್ನಾಬಾಯಿಯದು ಎಂದು ಉಳಿಯುವುದೇನು? ಕೋಪರಖೈರಣೆಯಲ್ಲಿರುವ ಮಗಳು ಪೂನಂಗೆ ಫೋನು ಮಾಡಿದಳು. ಅವಳಾದರೂ ಹೆಣ್ಣು, ಅವಳಿಗಾದರೂ ಅರ್ಥವಾದೀತು.

"ಅಗ ಆಯಿ, ಜಾಊ ದೇ ನಾ" ಎಂದಳು ಪೂನಂ. "ಪಪ್ಪಾ ತಸೇಚ್ ಆಹೇತ್. ಒಂದು ಟಿಕ್ ಅಷ್ಟ ಅಲ್ಲಾ? ಮಾಡಿಬಿಡು."

ಬಿಟ್ಟುಬಿಡು, ಅಪ್ಪ ಇರುವುದೇ ಹಾಗೆ. ಎಲ್ಲರೂ ಆಕೆಗೆ ಹೇಳುತ್ತ ಬಂದದ್ದು ಇದನ್ನೇ. ಬಿಟ್ಟು ಬಿಟ್ಟು ಈ ಗತಿ ಬಂದಿದೆ, ಇನ್ನೂ ಎಷ್ಟು ಬಿಡಬೇಕು? ರತ್ನಾಬಾಯಿ ಫೋನು ಇಟ್ಟಳು.

ಎರಡನೆಯ ಸಲದ ಭಾನುವಾರ ಪ್ರೇಕ್ಷಾ ಬರುವುದಕ್ಕೆ ಇನ್ನೂ ಹೊತ್ತಿತ್ತು. ಧರ್ಮಪಾಲರು ಹಾಲಿನ ಬೋರ್ಡಿನ ಮೇಲೆ ಪ್ರಶ್ನೆಯ ನಂಬರುಗಳನ್ನೂ ಅವುಗಳ ಮುಂದೆ ಉತ್ತರಗಳನ್ನೂ ಬರೆದು, ಕೈಯಲ್ಲಿ ಸ್ಕೇಲು ಹಿಡಿದು ನಿಂತಿದ್ದರು. "ಒಂದನೇದು, ನನಗೆ ಬೇಗ ಸಿಟ್ಟು ಬರ್ತದೆ. ಉತ್ತರ ಎಂತ? ಎಲ್ಲರೂ ಹೇಳಿ."

"ಎಂದೂ ಇಲ್ಲ!" ಎಂದು ಹೆಂಗಸರು ಒಕ್ಕೊರಲಿನಿಂದ ಮಗ್ಗಿ ಹೇಳಿದರು. ಧರ್ಮಪಾಲರ ಹೆಂಡತಿ ಸುಂದರಿಯ ದನಿ ಎಲ್ಲರಿಗಿಂತ ಮೇಲೆ. ಹೇಳಿ ಮುಗಿಸಿದ ಮೇಲೆ ಆಕೆಯ ದವಡೆ ಬಿಗಿದುಕೊಂಡಿದ್ದು ರತ್ನಾಬಾಯಿಗೆ ಕಂಡಿತು.

"ತೃಪ್ತಿ ಇದೆ?"

"ಯಾವಾಗಲೂ!"

"ರತ್ನಕ್ಕ, ನಿಮ್ಮ ಸ್ವರ ಕೇಳ್ಲಿಲ್ಲ" ಎಂದರು ಧರ್ಮಪಾಲರು. ವೀರಭದ್ರಪ್ಪನವರು ಗಂಡಸರ ಸಾಲಿನಿಂದ ಕಣ್ಣಿನಲ್ಲೇ, ಹೇಳು, ಹೇಳು ಎಂದು ಸನ್ನೆ ಮಾಡುತ್ತಿದ್ದರು.

ಆಗ ಪ್ರೇಕ್ಷಾ ಒಳಗೆ ಬಂದಳು. ಬೋರ್ಡು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. "ಯೇ ಕ್ಯಾ ಹೈ? ಅಂಕಲ್, ಆನ್ಸರ್ ಯಾಕೆ ಬರ್ದಿದ್ದೀರಿ?"

"ಈ ಸಲ ಎಲ್ಲರೂ ಪಾಸ್ ಆಗ್ತಾರೆ ಮಗಾ, ನೀನು ಹೆದರ್ಬೇಡ."

"ಪಾಸ್? ಇದು ಎಕ್ಸಾಮ್ ಅಲ್ಲ ಅಂಕಲ್!" ಹುಡುಗಿಯ ದನಿ ಅಳುವಿನ ಅಂಚಿಗೆ ಬಂತು. "ಟೆಸ್ಟ್ ನಿಮ್ದಲ್ಲ, ಈ ಪೇಪರ್‌ದು. ಮೊದಲು ಹೇಳಿದ್ದೇ ಜನ ಈಗ್ಲೂ ಹೇಳ್ತಾರಾ, ಈ ಕನ್ನಡ ಪೇಪರ್ ಮೇಲೆ ಭರೋಸಾ ಇಡ್ಬಹುದಾ, ಅದು ನೋಡ್ಲಿಕ್ಕೆ ಎರಡು ಸಲ. ಇದ್ರಲ್ಲಿ ತಪ್ಪು ಆನ್ಸರ್ ಅಂತ ಇಲ್ವೇ ಇಲ್ಲ."

"ಉಂಟು, ಉಂಟು. ನಾನೇ ನೋಡಿದ್ದೇನೆ" ಎಂದರು ಧರ್ಮಪಾಲರು. ಎಂದಮೇಲೆ ನಾಲಗೆ ಕಚ್ಚಿಕೊಂಡರು.

"ಆಪ್ ನೇ ದೇಖಾ?" ಪ್ರೇಕ್ಷಾಳ ಮುಖ ಬಿಳಿಚಿತು. "ಯಾರೂ ನೋಡೋದಿಲ್ಲ ಅಂತ ನಾನು ಎಲ್ಲರಿಗೂ ಪ್ರಾಮಿಸ್ ಮಾಡಿದ್ದೆ."

ಹಾಲಿನಲ್ಲಿ ಪಿಸುಮಾತು ಎದ್ದಿತು. ಕೆಲವು ಕಣ್ಣುಗಳು ರತ್ನಾಬಾಯಿಯ ಕಡೆ ತಿರುಗಿದವು. ಪರಿಸ್ಥಿತಿ ಕೈಮೀರುವುದನ್ನು ಕಂಡು ವೀರಭದ್ರಪ್ಪನವರು ಎದ್ದು ನಿಂತರು. ಮೈಕಿಲ್ಲದಿದ್ದರೂ ಅವರ ದನಿ ಭಾಷಣದ್ದೇ. "ಅದ ಏನ ದೊಡ್ಡ ಮಾತಲ್ಲ ಬಿಡವಾ. ಅವತ್ತ ನಮ್ಮ ಮನಿಯವರಿಗೆ ಮೈಯಾಗ ಆರಾಮ ಇರಲಿಲ್ಲ, ಏನೋ ಬರದಾರ. ಆಕಿಗೆ ಸಿಟ್ಟು ಬರೂದ ಇಲ್ಲ. ನಾ ಹೇಳತೀನಲ್ಲ."

"ನೀವು ಯಾಕ ಹೇಳತೀರಿ?"

ಯಾರು ಮಾತನಾಡಿದ್ದು ಎಂದು ವೀರಭದ್ರಪ್ಪನವರು ತಿರುಗಿ ನೋಡಿದರು. ಆ ದನಿ ಅವರಿಗೆ ಪರಿಚಯವಿರಲಿಲ್ಲ. ಟಿಟ್ವಾಳಾ ಲೋಕಲಿನ ಹೆಂಗಸರು ಯಾರಾದರೂ ಅಲ್ಲಿದ್ದಿದ್ದರೆ ತಟ್ಟನೆ ಗುರುತಿಸುತ್ತಿದ್ದರು.

"ನನ್ನ ಬಾಯಿ ಬಿದ್ದು ಹೋಗೇದೇನು? ನನಗ ಸಿಟ್ಟು ಬರ್ತದ. ದಿನಾ ಬರ್ತದ. ನಿಮ್ಮ ಮುಖಾ ನೋಡಿದ್ರ ಬರ್ತದ. ಸಾಲಿಯವರು ನನ್ನ ಕೇಳಾಕ ಮನಿ ಬಾಗಲಿಗೆ ಬಂದಾಗ, ನಾ ಒಳಗ ಜೀವಂತ ಇದ್ದಾಗ, ಆಕಿಗೆ ಮನಸ್ಸಿಲ್ಲ ಅಂದು ಕಳಸಿದ್ರಲ್ಲ, ಅವತ್ತ ಬಂದ ಸಿಟ್ಟು ಇನ್ನೂ ಹೋಗಿಲ್ಲ! ಖರೇ ಮಾತು ಬರದ್ರ ಕಣ್ಣ ತೋರಸಾಕ ಕರಕೊಂಡು ಹೋದ್ರಿ. ನನ್ನ ಕಣ್ಣು ಛಲೋ ಅವ. ನಿಮ್ಮವ ತೋರಸ್ಕೋರಿ!"

ಯಾರೋ ಕಿಸಕ್ಕನೆ ನಕ್ಕು ಅಲ್ಲಿಗೇ ನುಂಗಿಕೊಂಡರು. ರತ್ನಾಬಾಯಿ ಧರ್ಮಪಾಲರ ಕಡೆ ತಿರುಗಿದಳು. "ಸೆಕ್ರೆಟರಿ ಸಾಹೇಬ್ರ, ಮಂದಿ ನಂಬಿ ಕೊಟ್ಟ ಕಾಗದ ಕದ್ದು ಓದೂದು ಯಾವ ಮರ್ಯಾದಿರಿ? ಈ ಹುಡುಗಿ ವರ್ಷಗಟ್ಟಲೆ ಮಾಡಿದ ಕೆಲಸಕ್ಕ ಮಣ್ಣು ಹಾಕಿದ್ರಿ. ಆದರ್ಶ ದಂಪತಿ ಶಾಲು ನಿಮ್ಮ ಕಡೇನ ಇಟ್ಟುಕೋರಿ. ನನಗ ಬ್ಯಾಡ. ನನಗ ಬ್ಯಾಡ ಅಂತ ನಾನ ಹೇಳಾಕತ್ತೀನಿ, ಕೇಳಸ್ತಲ್ಲ?"

ಧರ್ಮಪಾಲರು ಸ್ಕೇಲನ್ನು ಮೇಜಿನ ಮೇಲೆ ಇಟ್ಟರು. ಹೆಂಡತಿಯ ಕಡೆ ನೋಡಿದರು. ಸುಂದರಿ ಗಂಡನನ್ನು ನೋಡುತ್ತಿದ್ದ ರೀತಿ ಅವರಿಗೂ ಹೊಸದಾಗಿತ್ತು.

ಪ್ರೇಕ್ಷಾ ಡಸ್ಟರ್ ತೆಗೆದುಕೊಂಡು ಬೋರ್ಡನ್ನು ಪೂರ್ತಿ ಒರೆಸಿದಳು. ಇಲ್ಲಿ ನಡೆದದ್ದನ್ನು ತನ್ನ ಗೈಡಿಗೆ ಹೇಳಲೇಬೇಕು, ಈ ಹಾಲಿನ ಕಾಗದಗಳು ಕೆಲಸಕ್ಕೆ ಬರುತ್ತವೋ ಇಲ್ಲವೋ ಗೊತ್ತಿಲ್ಲ ಎಂದಳು. ಮನಸ್ಸಿದ್ದವರು ಮಾತ್ರ ಬರೆಯಿರಿ, ಮನಸ್ಸಿಲ್ಲದವರು ಹೋಗಬಹುದು, ಡಬ್ಬಿ ಎಲ್ಲರಿಗೂ ಇದೆ. ಯಾರೂ ಏಳಲಿಲ್ಲ. ಕುರ್ಚಿಗಳನ್ನು ದೂರ ದೂರ ಎಳೆದು ಕೂತರು. ಸುಂದರಿ ತನ್ನ ಕುರ್ಚಿಯನ್ನು ಕಿಟಕಿಯವರೆಗೂ ಎಳೆದುಕೊಂಡು ಹೋಗಿ, ಗೋಡೆಗೆ ಮುಖ ಮಾಡಿ ಕೂತಳು.

ರತ್ನಾಬಾಯಿ ಗಂಡನ ಬಗ್ಗೆ ಇದ್ದ ಕಾಗದವನ್ನು ಮೊದಲಿನ ಹಾಗೆಯೇ ತುಂಬಿ ಮಗುಚಿಟ್ಟಳು. ತನ್ನದನ್ನು ತೆಗೆದು ಮೊದಲನೆಯ ಸಾಲಿಗೆ "ಯಾವಾಗಲೂ" ಎಂದು ಗುರುತು ಹಾಕುವಾಗ ಎದುರಿಗೆ ನೆರಳು ಬಿತ್ತು. ವೀರಭದ್ರಪ್ಪನವರು ನಿಂತಿದ್ದರು. ಕೈಯಲ್ಲಿ ಹೆಂಡತಿಯ ಬಗ್ಗೆ ತುಂಬಬೇಕಾದ ಕಾಗದ. ಮೊದಲ ಸಲ ಅದನ್ನು ಎಲ್ಲರಿಗಿಂತ ಮೊದಲು ಮುಗಿಸಿ ಕೊಟ್ಟವರು ಅವರು. ಈಗ ಹಾಳೆ ಪೂರ್ತಿ ಖಾ‌ಲಿ ಇತ್ತು.

"ಏ, ಇಲ್ಲಿ ಕೇಳ್ಯಾರ ನೋಡು" ಎಂದರು, ತಗ್ಗಿದ ದನಿಯಲ್ಲಿ. "ಸಿಟ್ಟು ಬಂದಾಗ ಈ ವ್ಯಕ್ತಿ ಯಾರ ಹತ್ರನಾದ್ರೂ ಹೇಳಿಕೊಳ್ತಾರೇನು ಅಂತ. ಏನ ಬರೀಲಿ?"

"ಕೊನೀ ಕಾಲಂ ಏನದ ನೋಡ್ರಿ."

ಅವರು ಚಷ್ಮಾ ಸರಿಮಾಡಿಕೊಂಡು ಓದಿದರು. "ಗೊತ್ತಿಲ್ಲ ಅಂತದ."

"ಅದನ್ನ ಹಾಕ್ರಿ."

"ಅದೊಂದಕ್ಕ ಹಾಕತೀನಿ. ಉಳದಿದ್ದು ಹೇಳು."

"ಉಳದಿದ್ದಕ್ಕೂ ಅದನ್ನ ಹಾಕ್ರಿ."

ವೀರಭದ್ರಪ್ಪನವರು ತಮ್ಮ ಕುರ್ಚಿಗೆ ಹೋಗಿ ಕೂತರು. ರತ್ನಾಬಾಯಿ ನೋಡಬಾರದೆಂದುಕೊಂಡೂ ನೋಡಿದಳು. ಪೆನ್ನು ಹಾಳೆಯ ಬಲ ಅಂಚಿನಲ್ಲಿ ಒಂದೊಂದೇ ಸಾಲು ಕೆಳಗಿಳಿಯುತ್ತಿತ್ತು. ಪ್ರತಿ ಸಾಲಿಗೂ ನಿಲ್ಲುತ್ತಿದ್ದರು, ಯೋಚಿಸುತ್ತಿದ್ದರು, ಮತ್ತೆ ಅದೇ ಅಂಚಿನಲ್ಲಿ ಗುರುತು. ಪುಟ ತಿರುಗಿಸಿದರು, ಅಲ್ಲಿಯೂ ಹಾಗೆಯೇ.

ಇದನ್ನು ಕಂಡು ಆಕೆಯ ಮನಸ್ಸು ಕರಗಿತು ಎಂದು ಬರೆದರೆ ಓದುವವರಿಗೆ ಹಿತವಾದೀತು. ಕರಗಲಿಲ್ಲ. ಮತ್ತಷ್ಟು ಉರಿಯಿತು. ಒಂದೇ ಸೂರಿನ ಕೆಳಗೆ, ಒಂದೇ ತಟ್ಟೆಯ ರೊಟ್ಟಿ ತಿಂದು ಮುದುಕನಾದ ಮೇಲೆ ಈ ಮನುಷ್ಯನಿಗೆ ಗೊತ್ತಿಲ್ಲ ಎಂಬುದು ಗೊತ್ತಾಯಿತು. ಅದಕ್ಕೂ ಒಂದು ಕಾಲಂ ಅಚ್ಚು ಹಾಕಿಸಿ ಕೈಗೆ ಕೊಡಬೇಕಾಯಿತು.

ಮುಗಿಸಿದ ಎರಡೂ ಕಾಗದಗಳನ್ನು ಪ್ರೇಕ್ಷಾಳ ಕೈಗಿಟ್ಟು, ಡಬ್ಬಿ ಇಸಿದುಕೊಂಡು, ವೀರಭದ್ರಪ್ಪನವರು ಹೆಂಡತಿಯ ಹತ್ತಿರ ಬಂದರು. ಗಡಿಯಾರ ನೋಡಿದರು. "ನಡಿ ಹೋಗೂಣು. ಈಗ ಹೊಂಟ್ರ ಫಾಸ್ಟ್ ಲೋಕಲ್ ಸಿಗ್ತದ."

"ನೀವು ಹೋಗ್ರಿ" ಎಂದಳು ರತ್ನಾಬಾಯಿ, ತಲೆ ಎತ್ತದೆ. "ನಂದಿನ್ನೂ ಬಾಳ ಅದ."

ಅವರು ಹೋಗಲಿಲ್ಲ, ಕೂರಲೂ ಇಲ್ಲ. ಡಬ್ಬಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತರು. ಆಕೆ ಎರಡನೆಯ ಪ್ರಶ್ನೆಯನ್ನು ನಿಧಾನವಾಗಿ ಓದತೊಡಗಿದಳು.